ಗವರ್ನ್‌ಮೆಂಟ್ ಕ್ಲಾಸಿನಲ್ಲಿ ಮಗ ಮಾತಾಡಬೇಕೋ ಬೇಡವೋ ಅಂತ ಕೇಳಿದ್ರಲ್ಲ

ನಿಮ್ಮ ಪ್ರಶ್ನೆಯನ್ನ ಎರಡು ಸಲ ಓದಿದೆ. ದಾವಣಗೆರೆಯಿಂದ ಅಮೆರಿಕಕ್ಕೆ ಬಂದು ನಾಲ್ಕು ತಿಂಗಳು. ಮಗ ಹನ್ನೊಂದನೇ ಕ್ಲಾಸು, ಎಪಿ ಗವರ್ನ್‌ಮೆಂಟ್ (ಹೈಸ್ಕೂಲಿನಲ್ಲೇ ಓದೋ, ಅಮೆರಿಕದ ಸರ್ಕಾರ ಮತ್ತು ಸಂವಿಧಾನದ ಬಗೆಗಿನ ಕಾಲೇಜು ಮಟ್ಟದ ಪಾಠ) ತಗೊಂಡಿದ್ದಾನೆ. ಹೋದ ವಾರ ಕ್ಲಾಸಿನಲ್ಲಿ, ಈ ನೆಲದಲ್ಲಿ ಹುಟ್ಟಿದ ಎಲ್ಲಾ ಮಕ್ಕಳಿಗೂ ಪೌರತ್ವ ಸಿಗಬೇಕಾ ಅನ್ನೋ ಚರ್ಚೆ ನಡೆದು, ಎಚ್-1ಬಿ ಅನ್ನೋ ಕೆಲಸದ ವೀಸಾದ ಮಾತೂ ಬಂದು, ಟೀಚರ್ ಅವನ ಕಡೆ ತಿರುಗಿ ನಿನಗೇನನ್ನಿಸುತ್ತೆ ಅಂದಿದ್ದಾರೆ. ಅವನು ತಲೆ ತಗ್ಗಿಸಿ ಕೂತು ಮನೆಗೆ ಬಂದಿದ್ದಾನೆ. ನಿಮ್ಮ ಯಜಮಾನರು, "ನಾವು ವೀಸಾ ಮೇಲೆ ಇರೋರು, ರಾಜಕೀಯ ನಮಗೆ ಬೇಡ, ಬಾಯಿ ಮುಚ್ಕೊಂಡು ಮಾರ್ಕ್ಸ್ ತಗೋ" ಅಂದಿದ್ದಾರೆ. ಏನು ಮಾಡ್ಲಿ ಅಕ್ಕಾ ಅಂತ ಕೇಳಿದ್ದೀರಿ.

ಮಾತಾಡಲಿ ಬಿಡಿ. ಕ್ಲಾಸಿನಲ್ಲಿ ಖಂಡಿತ ಮಾತಾಡಲಿ. ಬೇರೆ ಎರಡು ಕಡೆ ಮಾತ್ರ ಹುಷಾರಾಗಿರಬೇಕು, ಅದನ್ನ ಆಮೇಲೆ ಹೇಳ್ತೀನಿ.

ನಿಮ್ಮ ಯಜಮಾನರು ಹೇಳಿದ ಮಾತನ್ನೇ 2019ರಲ್ಲಿ ನಾನು ನನ್ನ ಮಗಳಿಗೆ ಹೇಳಿದ್ದೆ. ಆಗ ನಾವು ನ್ಯೂಜೆರ್ಸಿಗೆ ಬಂದು ಹನ್ನೊಂದು ವರ್ಷ ಆಗಿತ್ತು, ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತೇ ಇದ್ವಿ, ಅವಳಿನ್ನೂ ಎಚ್-4, ಅಂದರೆ ಎಚ್-1ಬಿಯವರ ಹೆಂಡತಿ ಮಕ್ಕಳಿಗೆ ಕೊಡೋ ವೀಸಾದಲ್ಲಿ. "ಸುಮ್ಮನೆ ಕೂತ್ಕೋ" ಅಂದೆ. ನವೆಂಬರ್‌ನಲ್ಲಿ ಪೇರೆಂಟ್ ಟೀಚರ್ ಮೀಟಿಂಗಿಗೆ ಹೋದಾಗ ಅವಳ ಮೇಷ್ಟ್ರು ಒಂದು ಹಾಳೆ ನನ್ನ ಮುಂದೆ ಇಟ್ಟರು. ಅಲ್ಲಿ ಸೆಮಿನಾರ್ ಅಂತ ಮಾಡ್ತಾರೆ: ಕುರ್ಚಿಗಳನ್ನ ದುಂಡಗೆ ಹಾಕಿ, ಒಳಸುತ್ತಿನಲ್ಲಿ ಹತ್ತು ಹನ್ನೆರಡು ಮಕ್ಕಳು ಮಾತಾಡೋದು, ಹೊರಸುತ್ತಿನವರು ಕೇಳಿ ಬರ್ಕೊಳ್ಳೋದು. ಸಂವಿಧಾನದ ಸಾಲು ತೋರಿಸಿದರೆ ಒಂದು ಗುರುತು, ತೀರ್ಪು ಉಲ್ಲೇಖಿಸಿದರೆ ಒಂದು, ಇನ್ನೊಬ್ಬರ ಮಾತಿಗೆ ನೇರವಾಗಿ ಉತ್ತರ ಕೊಟ್ಟರೆ ಒಂದು. ಎಲ್ಲ ಮಕ್ಕಳ ಹೆಸರಿನ ಮುಂದೆಯೂ ಪೆನ್ಸಿಲ್ ಗುರುತುಗಳಿದ್ದವು. ನನ್ನ ಮಗಳ ಸಾಲು ಖಾಲಿ. "ಬರೆಯೋದು ತುಂಬಾ ಚೆನ್ನಾಗಿ ಬರೀತಾಳೆ, ಆದರೆ ಅವಳ ದನಿ ನಾನಿನ್ನೂ ಕೇಳಿಲ್ಲ" ಅಂದರು. ಕಾರಿನಲ್ಲಿ ಮಗಳು, "ನೀನೇ ಹೇಳಿದ್ದಲ್ಲ ಅಮ್ಮ" ಅಂದಳು. ಆ ಖಾಲಿ ಸಾಲು ಈಗಲೂ ನನ್ನ ಕಣ್ಣ ಮುಂದಿದೆ.

ನಮ್ಮ ಊರಿನ ಸಿವಿಕ್ಸ್ ಪಾಠ ನೆನಪಿಸ್ಕೊಂಡು ಇದನ್ನ ಅಳೀಬೇಡಿ. ನಾವು ಮೂಲಭೂತ ಹಕ್ಕುಗಳು ಎಷ್ಟು, ಯಾವುವು ಅಂತ ಬಾಯಿಪಾಠ ಮಾಡಿ ಬರೆದು ಬಂದ್ವಿ. ಇಲ್ಲಿ ಮಕ್ಕಳಿಗೆ ಒಂಬತ್ತು ಮೂಲ ದಾಖಲೆ ಮತ್ತು ಹದಿನಾಲ್ಕು ಸುಪ್ರೀಂ ಕೋರ್ಟ್ ಪ್ರಕರಣ ಕೊಡ್ತಾರೆ. ಸುದ್ದಿಯಲ್ಲಿ ಬರೋದನ್ನೆಲ್ಲ ಅವುಗಳ ಮೇಲಿಟ್ಟು ನೋಡೋದೇ ಇಡೀ ವರ್ಷದ ಕೆಲಸ. ಮೇ ತಿಂಗಳ ಪರೀಕ್ಷೆಯಲ್ಲಿ ಒಂದು ಉತ್ತರ ಪೂರ್ತಿ ವಾದವೇ: ನಿನ್ನ ನಿಲುವು ಹೇಳು, ಆಧಾರ ಕೊಡು, ಎದುರು ವಾದಕ್ಕೂ ಉತ್ತರಿಸು. ಅಂದರೆ ಬಾಯಿ ಮುಚ್ಕೊಂಡು ಮಾರ್ಕ್ಸ್ ತಗೊಳ್ಳೋ ವಿಷಯವೇ ಅಲ್ಲ ಇದು. ನೀನು ಯಾವ ಪಕ್ಷ ಅಂತ ಯಾರೂ ಕೇಳಲ್ಲ. ಒಳ್ಳೆ ಟೀಚರ್ ತಮ್ಮ ಪಕ್ಷವನ್ನೂ ವರ್ಷವಿಡೀ ಬಿಟ್ಟುಕೊಡಲ್ಲ.

ಮೀಟಿಂಗ್ ಆದ ಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನ ಹೇಳ್ತೀನಿ ಕೇಳಿ. ಟಿಂಕರ್ ಪ್ರಕರಣದ ಅಣಕು ನ್ಯಾಯಾಲಯ ಬಂತು. 1965ರ ಡಿಸೆಂಬರ್‌ನಲ್ಲಿ ಅಯೋವಾದ ಡೆಮೊಯ್ನ್ ಊರಿನ ಕೆಲವು ಮಕ್ಕಳು ವಿಯೆಟ್ನಾಂ ಯುದ್ಧಕ್ಕೆ ವಿರೋಧವಾಗಿ ತೋಳಿಗೆ ಕಪ್ಪು ಪಟ್ಟಿ ಕಟ್ಕೊಂಡು ಶಾಲೆಗೆ ಹೋದರು, ಶಾಲೆಯವರು ಸಸ್ಪೆಂಡ್ ಮಾಡಿದರು. ಅವರಲ್ಲಿ ಮೇರಿ ಬೆತ್ ಟಿಂಕರ್‌ಗೆ ಆಗ ಹದಿಮೂರು ವರ್ಷ. 1969ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಮಕ್ಕಳ ಪರ ತೀರ್ಪು ಕೊಟ್ಟಿತು: ಪಾಠಕ್ಕೆ ನಿಜವಾದ ಅಡ್ಡಿ ಆಗದ ಹೊರತು, ಶಾಲೆಯ ಗೇಟು ದಾಟಿದ ಮಾತ್ರಕ್ಕೆ ವಿದ್ಯಾರ್ಥಿಯ ವಾಕ್ ಸ್ವಾತಂತ್ರ್ಯ ಹೋಗಲ್ಲ. ನನ್ನ ಮಗಳಿಗೆ ಚೀಟಿಯಲ್ಲಿ ಬಂದದ್ದು ಶಾಲೆಯ ಪಕ್ಷ, ಅಂದರೆ ಸೋತವರ ಕಡೆ. ಎದುರು ಪಕ್ಷದವರಿಗೆ ಕಪ್ಪು ಪಟ್ಟಿ ಬೇಕಿತ್ತು. ನನ್ನ ಹತ್ತಿರ ಸೀರೆಗೆ ಹೊಲಿಯೋ ಕಪ್ಪು ಫಾಲ್ ಇತ್ತು, ಅದನ್ನೇ ಏಳು ತುಂಡು ಮಾಡಿ ಕೊಟ್ಟೆ. ರಾತ್ರಿ ಹನ್ನೊಂದರವರೆಗೂ ಊಟದ ಮೇಜಿನ ಮೇಲೆ ನಾನು ನ್ಯಾಯಾಧೀಶೆ, ಅವಳು ವಕೀಲೆ. ಮಾರನೇ ದಿನ ಅವಳ ಹೆಸರಿನ ಮುಂದೆ ಆರು ಗುರುತು ಬಿದ್ದವು. ತಾನು ಒಪ್ಪದ ಪಕ್ಷಕ್ಕೂ ನಿಷ್ಠೆಯಿಂದ ವಾದಿಸೋದನ್ನ ಹದಿನಾರನೇ ವಯಸ್ಸಿಗೆ ಕಲಿತಳಲ್ಲ, ಈ ದೇಶ ಅವಳಿಗೆ ಕೊಟ್ಟ ಒಳ್ಳೆಯದರಲ್ಲಿ ಅದನ್ನ ನಾನು ಮೊದಲು ಎಣಿಸ್ತೀನಿ.

ಈಗ ನಿಮ್ಮ ಮಗನ ಪೌರತ್ವದ ಚರ್ಚೆಗೆ ಬರೋಣ. ಅದು ಅವನಿಗೆ ದೂರದ ವಿಷಯವೇ ಅಲ್ಲ. ಅಮೆರಿಕದ ಸಂವಿಧಾನದ 1868ರ ಹದಿನಾಲ್ಕನೇ ತಿದ್ದುಪಡಿ, ಇಲ್ಲಿ ಹುಟ್ಟಿ ಈ ದೇಶದ "ಅಧಿಕಾರವ್ಯಾಪ್ತಿಗೆ ಒಳಪಟ್ಟ" ಎಲ್ಲರೂ ಪೌರರು ಅನ್ನುತ್ತೆ. ಜಗಳವೆಲ್ಲ ಆ "ಒಳಪಟ್ಟ" ಅನ್ನೋ ಮಾತಿನದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅನ್ನೋನು ತಾನು ಅಮೆರಿಕನ್ ಅಂತ 1898ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ, ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು ತಂದೆ ಪೌರನೂ ಅಲ್ಲ, ಗ್ರೀನ್ ಕಾರ್ಡೂ ಇಲ್ಲ ಅಂದರೆ ಆ ಮಗುವಿಗೆ ಪೌರತ್ವ ಇಲ್ಲ ಅಂದಿತು. ಮೂರೇ ದಿನದಲ್ಲಿ ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶರು ತಡೆದರು, ಆಮೇಲೆ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ದಿನ ಕ್ಲಾಸಿನಲ್ಲಿ ಮಾತಾಡಿದ್ದು ನಿಮ್ಮಂಥವರ ಮನೆಯ ಬಗ್ಗೆ, ಆದರೆ ಅದನ್ನ ಒಳಗಿನಿಂದ ಬಲ್ಲ ಹುಡುಗ ತಲೆ ತಗ್ಗಿಸಿ ಕೂತಿದ್ದ.

ಅವನಿಗೆ ಇನ್ನೊಂದು ಹೆಸರೂ ಹೇಳಿಕೊಡಿ: ಭಗತ್ ಸಿಂಗ್ ಥಿಂಡ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಪಂಜಾಬಿ. 1923ರಲ್ಲಿ ಇದೇ ಕೋರ್ಟು, ಕಾನೂನಿನ ಪ್ರಕಾರ ನೀನು ಬಿಳಿಯ ಅಲ್ಲ, ಪೌರನಾಗಲಾರೆ ಅಂದಿತು. ಭಾರತೀಯರಿಗೆ ಬಾಗಿಲು ತೆರೆದದ್ದು 1946ರಲ್ಲಿ. ಪಠ್ಯದ ಹದಿನಾಲ್ಕು ಪ್ರಕರಣಗಳಲ್ಲಿ ಥಿಂಡ್ ಪ್ರಕರಣ ಇಲ್ಲ. ನಿಮ್ಮ ಮಗ ಎತ್ತಿದರೆ ಕ್ಲಾಸು ಕಿವಿಗೊಟ್ಟು ಕೇಳುತ್ತೆ.

ನಮ್ಮ ಕಡೆಯ ಎಳೆಯೂ ಇದೆ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್, ನಮ್ಮ ಸಂವಿಧಾನ ಸಭೆಯ ಸಲಹೆಗಾರರು, 1947ರಲ್ಲಿ ಇಲ್ಲಿಗೆ ಬಂದು ಇಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನ ಕಂಡರು. ಇಲ್ಲಿನ ಮಕ್ಕಳು ವರ್ಷಪೂರ್ತಿ ಉರು ಹೊಡೆಯೋ "ಡ್ಯೂ ಪ್ರೋಸೆಸ್" (ನ್ಯಾಯಯುತ ಕಾನೂನು ಕ್ರಮ) ಮಾತನ್ನ ನಿಮ್ಮಲ್ಲಿ ಹಾಕಬೇಡಿ, ಅದು ನ್ಯಾಯಾಧೀಶರ ಕೈಗೆ ವಿಪರೀತ ಅಧಿಕಾರ ಕೊಡುತ್ತೆ ಅಂತ ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ನಮ್ಮ 21ನೇ ವಿಧಿಯಲ್ಲಿ ಆ ಮಾತು ಇಲ್ಲದೆ "ಕಾನೂನು ನಿಗದಿಪಡಿಸಿದ ಕಾರ್ಯವಿಧಾನ" ಇರೋದರ ಹಿಂದೆ ಆ ಭೇಟಿ ಇದೆ. 1978ರ ಮೇನಕಾ ಗಾಂಧಿ ತೀರ್ಪಿನಲ್ಲಿ ನಮ್ಮ ಕೋರ್ಟು ಅದೇ ಅರ್ಥವನ್ನ ಸುತ್ತುಬಳಸಿ ತಂದ್ಕೊಂಡಿತು. ನನ್ನ ಮಗಳು ಇದನ್ನ ಹೇಳಿದ ದಿನ ಮೇಷ್ಟ್ರು ಪಾಠ ನಿಲ್ಲಿಸಿ ಬೋರ್ಡಿನ ಮೇಲೆ ಎರಡೂ ವಾಕ್ಯ ಬರೆಸಿದರಂತೆ.

ಭಯದ ವಿಷಯ. ವಾಕ್ ಸ್ವಾತಂತ್ರ್ಯ ಕಾಪಾಡೋ ಮೊದಲ ತಿದ್ದುಪಡಿಯನ್ನ ಓದಿ ನೋಡಿ, ಅದರಲ್ಲಿ "ಪೌರ" ಅನ್ನೋ ಪದವೇ ಇಲ್ಲ. ಇಲ್ಲಿ ನೆಲೆಸಿರೋ ವಿದೇಶೀಯರಿಗೂ ವಾಕ್ ಸ್ವಾತಂತ್ರ್ಯ ಇದೆ ಅಂತ 1945ರಲ್ಲೇ ಕೋರ್ಟು ಹೇಳಿದೆ. ಹಾಗಂತ ಈಗಿನ ಕಾಲದಲ್ಲಿ ಕಣ್ಣು ಮುಚ್ಕೊಂಡಿರೋದೂ ಬೇಡ. 2025ರ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ವೀಸಾಕ್ಕೆ ಅರ್ಜಿ ಹಾಕೋರ ಸೋಶಿಯಲ್ ಮೀಡಿಯಾ ಖಾತೆಗಳೂ ಪರಿಶೀಲನೆಗೆ ತೆರೆದಿರಬೇಕು ಅಂತ ಮಾಡಿದ್ದಾರೆ. ಪಾಸ್‌ಪೋರ್ಟಿಗೆ ವೀಸಾ ಸ್ಟಾಂಪ್ ಹಾಕಿಸೋಕೆ ಊರಿಗೆ ಹೋದಾಗ ಅದು ನಿಮ್ಮೆಲ್ಲರ ಮೇಲೂ ಬರುತ್ತೆ. ಕ್ಲಾಸಿನಲ್ಲಿ ಆಧಾರ ಸಮೇತ ಆಡಿದ ಮಾತು ಬೇರೆ, ರಾತ್ರಿ ಸಿಟ್ಟಿನಲ್ಲಿ ಫೋನಿನಲ್ಲಿ ಹಾಕಿದ ಎರಡು ಸಾಲು ಬೇರೆ. ಮೊದಲನೆಯದಕ್ಕೆ ಬೆನ್ನು ತಟ್ಟಿ, ಎರಡನೆಯದನ್ನ ಸದ್ಯಕ್ಕೆ ಬಿಡಿಸಿ. ಇದನ್ನ ಹೇಳೋಕೆ ನನಗೂ ಬೇಸರವೇ, ಆದರೂ ಹೇಳಬೇಕು.

ಎರಡನೇ ಎಚ್ಚರಿಕೆಯನ್ನ ಯಾರೂ ಹೇಳಲ್ಲ, ಅದಕ್ಕೇ ಒತ್ತಿ ಹೇಳ್ತಿದ್ದೀನಿ. ಇದೇ ಕ್ಲಾಸಿನ ಹುಮ್ಮಸ್ಸಿನಲ್ಲಿ ಶಾಲೆಯಲ್ಲೇ ಮತದಾರರ ನೋಂದಣಿ ಮೇಜು ಹಾಕ್ತಾರೆ. 1971ರಿಂದ ಹದಿನೆಂಟಕ್ಕೇ ಮತದ ಹಕ್ಕು ಇದೆ, ಹಲವು ರಾಜ್ಯಗಳಲ್ಲಿ ಹದಿನಾರು ಹದಿನೇಳಕ್ಕೇ ಹೆಸರು ಬರೆಸಬಹುದು. ನನ್ನ ಮಗಳು ಒಂದು ಮಧ್ಯಾಹ್ನ ಕೆಫೆಟೇರಿಯಾದಿಂದ ಅರ್ಧ ತುಂಬಿದ ಫಾರಂ ತಂದಿದ್ದಳು. ಹೆಸರು, ವಿಳಾಸ, ಹುಟ್ಟಿದ ತಾರೀಖು ನೀಲಿ ಇಂಕಿನಲ್ಲಿ. ಮೇಲ್ಗಡೆ "ನೀವು ಅಮೆರಿಕದ ಪೌರರೇ" ಅನ್ನೋ ಚೌಕ ಮಾತ್ರ ಖಾಲಿ. ಅಲ್ಲಿ ಹೌದು ಅಂತ ಟಿಕ್ ಹಾಕಿ ಸಹಿ ಮಾಡಿದ್ದರೆ ಸುಳ್ಳು ಪೌರತ್ವ ಹೇಳಿಕೆ ಆಗ್ತಿತ್ತು. 1996ರ ಕಾನೂನಿನ ಪ್ರಕಾರ ಗ್ರೀನ್ ಕಾರ್ಡಿನ ದಾರಿಯೇ ಜೀವನಪೂರ್ತಿ ಮುಚ್ಚಿಹೋಗಬಹುದು. ಸಹಪಾಠಿಗಳೆಲ್ಲ ಮಾಡ್ತಿದ್ದರು ಅಂತ ಅವಳೂ ತಗೊಂಡಿದ್ದಳು, ಅಷ್ಟೇ. ಡ್ರೈವಿಂಗ್ ಲೈಸೆನ್ಸ್ ಮಾಡಿಸೋಕೆ ಹೋದಾಗ, ಮತದಾರರಾಗಿ ಹೆಸರು ಬರೆಸ್ತೀರಾ ಅಂತ ನಿಮ್ಮನ್ನೂ ಕೇಳ್ತಾರೆ. "ಇಲ್ಲ" ಅಂತಲೇ ಹೇಳಿ.

ಬೆಳಗ್ಗೆ ಧ್ವಜಕ್ಕೆ ಪ್ರತಿಜ್ಞೆ ಹೇಳ್ತಾರಲ್ಲ, ನಮ್ಮ ಹುಡುಗ ಹೇಳಬೇಕಾ ಅಂತಲೂ ಕೇಳಿದ್ದೀರಿ. ಬಲವಂತ ಇಲ್ಲ, ಸುಪ್ರೀಂ ಕೋರ್ಟಿನ 1943ರ ಬಾರ್ನೆಟ್ ತೀರ್ಪು ಅದನ್ನ ತೀರ್ಮಾನ ಮಾಡಿದೆ. ಕೆಲವು ರಾಜ್ಯಗಳಲ್ಲಿ ಪೋಷಕರ ಚೀಟಿ ಕೇಳಬಹುದು. ನನ್ನ ಮಗಳು ಗೌರವಕ್ಕೆ ಎದ್ದು ನಿಲ್ತಿದ್ದಳು, ಬಾಯಲ್ಲಿ ಹೇಳ್ತಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ.

ಈ ಭಾನುವಾರ ನೀವು ಮೂವರೂ ಕೂತು ಹದಿನಾಲ್ಕನೇ ತಿದ್ದುಪಡಿಯ ಮೊದಲ ಭಾಗ ಓದಿ, ಎರಡು ನಿಮಿಷದ ಓದು. ನಿಮ್ಮ ಯಜಮಾನರು ಆದೇಶದ ಪರ ವಾದಿಸಲಿ, ಮಗ ವಿರುದ್ಧ, ತೀರ್ಪು ನೀವು ಕೊಡಿ. ಮುಂದಿನ ಸೆಮಿನಾರ್ ಆದ ಸಂಜೆ ಏನಾಯ್ತು ಅಂತ ನನಗೊಂದು ಸಾಲು ಬರೀರಿ, ಕಾಯ್ತಿರ್ತೀನಿ.