ಸೆರಾಮಿಕ್ ಬ್ರಾಕೆಟ್‌ನ ಅಂಟು ಎಷ್ಟು ಗಟ್ಟಿ?

ಹಲ್ಲಿನ ಕ್ಲಿಪ್‌ನಲ್ಲಿ ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಸೆರಾಮಿಕ್ ಬ್ರಾಕೆಟ್ ಲೋಹದ್ದರಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆಯೇ, ಚಿಕಿತ್ಸೆ ಮುಗಿಯುವವರೆಗೆ ಬಾಳುತ್ತದೆಯೇ ಎಂದು ಗೋಣಿಕೊಪ್ಪದಿಂದ ಕೇಳಿದ್ದೀರಿ. ಕ್ಲಿಪ್ ಹಾಕಿಸಿಕೊಳ್ಳುವ ಮೊದಲು ನನ್ನನ್ನೂ ಕೊರೆಯುತ್ತಿದ್ದದ್ದು ಇದೇ. ಆದರೆ ನನಗೆ ಕೈಕೊಟ್ಟದ್ದು ಅಂಟಲ್ಲ.

ನನ್ನ ಮೇಲಿನ ಬಾಚಿಹಲ್ಲುಗಳು ಕೆಳಗಿನವನ್ನು ಬಹುಪಾಲು ಮುಚ್ಚುತ್ತಿದ್ದವು. ಮೇಲಕ್ಕೆ ಸೆರಾಮಿಕ್, ಕೆಳಕ್ಕೆ ಲೋಹ ಎಂದು ಮಡಿಕೇರಿಯ ದಂತವೈದ್ಯೆ ಮೊದಲೇ ಹೇಳಿದ್ದರು. ಮನೆಯಲ್ಲಿ ಮದುವೆಯಿತ್ತು, ಫೋಟೊದಲ್ಲಿ ಲೋಹ ಮಿಂಚಬಾರದೆಂದು ನಾನು ಹಟ ಹಿಡಿದೆ. (ಮುಚ್ಚಿಹೋಗಿದ್ದ ಕೆಳಹಲ್ಲು ಯಾವ ಫೋಟೊದಲ್ಲಿ ಕಾಣುತ್ತಿತ್ತೋ!) ಕೊನೆಗೆ ಅವರು ದವಡೆಹಲ್ಲುಗಳ ಮೇಲೆ ನೀಲಿ ಅಂಟಿನ ಗುಬುಟು ಕೂರಿಸಿ, ಹಲ್ಲುಗಳು ಪೂರ್ತಿ ಕಚ್ಚಿಕೊಳ್ಳದಂತೆ ಮಾಡಿ, ಕೆಳಗೂ ಸೆರಾಮಿಕ್ ಹಾಕಿದರು. ಗುಬುಟು ಬಿದ್ದರೆ ತಡಮಾಡದೆ ಬನ್ನಿ ಎಂದರು.

ಪುತ್ತರಿಯ ಕಬ್ಬು ಅಗಿಯುವಾಗ ಒಂದು ಕಡೆಯದು ಬಿತ್ತು, ಸ್ವಲ್ಪ ದಿನಕ್ಕೆ ಇನ್ನೊಂದು. ನನಗೋ ಖುಷಿ. ಪಂದಿಕರಿಯನ್ನು ಚೂರು ಮಾಡಿ ನುಂಗುತ್ತಿದ್ದವಳು ಮತ್ತೆ ಚೆನ್ನಾಗಿ ಅಗಿದು ತಿನ್ನತೊಡಗಿದೆ. ಬ್ರಾಕೆಟ್ ಬಿದ್ದಿದ್ದರೆ ಅಂದೇ ಓಡುತ್ತಿದ್ದೆ. ಬಿದ್ದದ್ದು ಗುಬುಟು ತಾನೇ ಎಂದು ಮುಂದಿನ ತಪಾಸಣೆಯವರೆಗೂ ಸುಮ್ಮನಿದ್ದೆ. ಸೆರಾಮಿಕ್ ಎಂದರೆ ಅಲ್ಯುಮಿನಿಯಂ ಆಕ್ಸೈಡ್, ನೀಲಮಣಿಯದೇ ವಸ್ತು, ಹಲ್ಲಿನ ಹೊರಪದರವಾದ ಎನಾಮಲ್‌ಗಿಂತ ಬಹಳ ಗಡಸು. ಬಾಯಿ ಮುಚ್ಚಿದಾಗಲೆಲ್ಲ ಕೆಳಗಿನ ಬ್ರಾಕೆಟ್ ಮೇಲಿನ ಹಲ್ಲಿನ ಅಂಚನ್ನು ಅರ ಹಾಕಿದಂತೆ ಉಜ್ಜುತ್ತಿತ್ತು. ನೋವಿಲ್ಲದ ಕಾರಣ ಗೊತ್ತಾಗಲಿಲ್ಲ. ನಾಲಿಗೆಗೆ ಏನೋ ಚೂಪಾಗಿ ತಗುಲಿ ಕನ್ನಡಿ ನೋಡಿದರೆ, ಮುಂದಿನ ಎರಡು ಹಲ್ಲುಗಳ ತುದಿ ಓರೆಯಾಗಿ ಸವೆದು ಚಪ್ಪಟೆಯಾಗಿತ್ತು. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಈಗ ಅಲ್ಲಿರುವುದು ಹಲ್ಲಿನ ಬಣ್ಣದ ಕಾಂಪೊಸಿಟ್ ರಾಳದ ತೇಪೆ. ನಮ್ಮ ಮನೆಯ ಕಾಫಿಗೆ ಅದರ ಬಣ್ಣವೂ ತಿರುಗುತ್ತಿದೆ.

ಇನ್ನು ಅಂಟಿನ ಮಾತು. ಬ್ರಾಕೆಟ್ ನಿಲ್ಲಲು ಸುಮಾರು 6ರಿಂದ 8 ಮೆಗಾಪ್ಯಾಸ್ಕಲ್ (ಇಂತಿಷ್ಟು ಜಾಗದ ಮೇಲೆ ಬೀಳುವ ಬಲದ ಅಳತೆ) ಬಿಗಿತ ಸಾಕೆಂದು ಸಂಶೋಧಕ ರೆನಾಲ್ಡ್ಸ್ 1975ರಲ್ಲಿ ಹೇಳಿದ ಅಳತೆಯನ್ನೇ ಇಂದಿಗೂ ಹಿಡಿಯುತ್ತಾರೆ. ಸರಿಯಾಗಿ ಅಂಟಿಸಿದ ಸೆರಾಮಿಕ್‌ಗೆ ಅದು ಕಷ್ಟವಲ್ಲ. ಸಿಲೇನ್ ಲೇಪನದಿಂದ ರಾಸಾಯನಿಕವಾಗಿ ಬೆಸೆಯುತ್ತಿದ್ದ ಮೊದಮೊದಲ ಬ್ರಾಕೆಟ್‌ಗಳಂತೂ ತೆಗೆಯುವಾಗ ಎನಾಮಲ್ ಚೂರನ್ನೇ ಕಿತ್ತುಕೊಂಡು ಬರುತ್ತಿದ್ದವು. ಅದಕ್ಕೇ ಆಮೇಲೆ ಬುಡದಲ್ಲಿ ತಗ್ಗುಗಳನ್ನು ಮಾಡಿ, ಅಂಟು ಅಲ್ಲಿ ಕಚ್ಚಿಕೊಳ್ಳುವ ಬಗೆ ಬಂತು. ಬ್ರಾಕೆಟ್ ಬೇಗನೆ ಉದುರಿದರೆ ನಾನು ಮೊದಲು ಅನುಮಾನಿಸುವುದು ಜೊಲ್ಲನ್ನು: ಆಮ್ಲ ಹಚ್ಚಿ ತೊಳೆದು ಒಣಗಿಸಿದ ಹಲ್ಲು ಮಂಕುಬಿಳಿಯಾಗಿ ಕಾಣಬೇಕು, ಅದರ ಮೇಲೆ ಜೊಲ್ಲು ತಾಗಿದರೆ ಹಿಡಿತ ಹೋಯಿತು. ಇನ್ನೊಂದು, ಲೋಹ ಬಾಗುತ್ತದೆ, ಸೆರಾಮಿಕ್ ಮುರಿಯುತ್ತದೆ. ಹಾಕಿ ಆಟ ಆಡುವವರಾದರೆ ಮೌತ್‌ಗಾರ್ಡ್ ಇಲ್ಲದೆ ಮೈದಾನಕ್ಕೆ ಇಳಿಯಬೇಡಿ.

ಹಾಗಾಗಿ ಅಂಟು ಯಾವುದೆಂದು ವಿಚಾರಿಸುವುದನ್ನು ಬಿಡಿ. ವೈದ್ಯರ ಮುಂದೆ ಹಲ್ಲು ಕಚ್ಚಿ, ಕೆಳಗಿನ ಬ್ರಾಕೆಟ್‌ಗೆ ಮೇಲಿನ ಹಲ್ಲು ತಾಗುತ್ತದೆಯೇ ಎಂದು ಕೇಳಿ. ತಾಗುವುದಾದರೆ ಕೆಳಗೆ ಲೋಹವನ್ನೇ ಹಾಕಿಸಿ. ನೀವು ಆರಿಸುವ ಬ್ರಾಕೆಟ್ ತೆಗೆಯಲು ತಕ್ಕ ಇಕ್ಕಳ ಅವರಲ್ಲಿದೆಯೇ ಎಂಬುದನ್ನೂ ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ.