ಕಿಂಡಿಯಲ್ಲಿ ನುಸುಳಿದವರ ಹೆಸರೇನು?

ಯುದ್ಧದ ಐತಿಹಾಸಿಕ ಕಾದಂಬರಿ ಓದುವಾಗ ಲೇಖಕ ತನ್ನ ನಾಡಿನ ಪರ ವಾಲಿದಂತೆ ಕಾಣುತ್ತದೆ, ಇದು ನನ್ನ ಭ್ರಮೆಯೇ ಎಂದು ಕೇಳಿದ್ದೀರಿ. ಭ್ರಮೆಯಲ್ಲ. ಆದರೆ ಅದನ್ನು ಹೊಗಳಿಕೆಯ ಮಾತುಗಳಲ್ಲಿ ಹುಡುಕಬೇಡಿ.

ನಾನು ಚಿತ್ರದುರ್ಗದವನು. ಇಲ್ಲಿ ಮಕ್ಕಳಿಗೆ ತುತ್ತಿನ ಜೊತೆಗೇ ಓಬವ್ವನ ಕಥೆ ಸಿಗುತ್ತದೆ. ಕಾವಲಿನ ಗಂಡ ಊಟಕ್ಕೆ ಬಂದ, ನೀರಿಗೆ ಹೋದವಳು ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳುವುದನ್ನು ಕಂಡು ಒನಕೆ ತಂದಳು, ತಲೆಗೊಂದು ಪೆಟ್ಟು. ‘ಹಾಗೆ ಬಂದವರ ಹೆಸರೇನಜ್ಜಿ?’ ಎಂದು ಒಮ್ಮೆ ಕೇಳಿದ್ದೆ. ‘ಶತ್ರುಗಳಿಗೆ ಎಂಥ ಹೆಸರು, ಸುಮ್ಮನೆ ಉಣ್ಣು’ ಎಂದು ಅಜ್ಜಿ ಗದರಿದಳು. ನಮ್ಮವರಿಗೆ ಹೆಸರು, ಹಸಿವು, ಮನೆ ಎಲ್ಲವೂ ಇವೆ. ಎದುರಿನವರು ಬರೀ ತಲೆಗಳು. ಪಕ್ಷಪಾತ ಕೂತಿರುವುದು ಅಲ್ಲಿ.

ಇನ್ನೊಂದು ಗುರುತು ದ್ರೋಹಿಯ ಪಾತ್ರ. ಶತ್ರು ಸೋತರೆ ಹೇಡಿತನದಿಂದ, ನಾವು ಸೋತರೆ ದ್ರೋಹದಿಂದ! (ದುರ್ಗದ ವಿಷಯದಲ್ಲಿ ಒಳಗಿನವರ ದ್ರೋಹದ ಮಾತು ಚರಿತ್ರೆಯಲ್ಲೂ ಬರುವುದರಿಂದ ನಮ್ಮ ಕಥೆಗಾರರನ್ನು ಪೂರ್ತಿ ದೂರಲಾರೆ.)

ಅದೇ ಹೈದರ್ ಅಲಿ ಶ್ರೀರಂಗಪಟ್ಟಣದ ಕಡೆಯವರಿಗೆ ಇಂಗ್ಲಿಷರನ್ನು ನಡುಗಿಸಿದ ವೀರ. ಅಲ್ಲಿನ ಸ್ನೇಹಿತನೊಬ್ಬನನ್ನು ಕೋಟೆಗೆ ಕರೆದೊಯ್ದಾಗ ಏಕನಾಥೇಶ್ವರಿ ಗುಡಿಯವರೆಗೂ ಜಗಳವೇ. ‘1770ರಲ್ಲಿ ನಿಜಗಲ್ಲಿನ ಕೋಟೆಯ ಮುತ್ತಿಗೆಯಲ್ಲಿ ನಿಮ್ಮ ಮದಕರಿ ನಾಯಕ ಹೈದರನ ವಿರುದ್ಧ ಮರಾಠರ ಪರ ನಿಂತದ್ದನ್ನು ಏಕೆ ಹೇಳುವುದಿಲ್ಲ?’ ಎಂದ. ಎರಡು ದೊಡ್ಡ ಸೈನ್ಯಗಳ ನಡುವೆ ಸಿಕ್ಕ ಪಾಳೆಯಗಾರ ಇನ್ನೇನು ಮಾಡಬೇಕಿತ್ತು ಎಂದೆ. ಆದರೆ ಆ ಸಂಗತಿಯನ್ನು ನಾನಾಗಿ ಯಾರಿಗೂ ಹೇಳಿದವನಲ್ಲ ಎಂಬುದು ಆಗ ನೆನಪಾಯಿತು.

ನನ್ನನ್ನು ಹೆಚ್ಚು ಕಾಡುವುದು ಆಮೇಲಿನ ಕಥೆ. 1779ರಲ್ಲಿ ಕೋಟೆ ಬಿದ್ದ ಮೇಲೆ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಹುಡುಗರನ್ನು ಚೇಲಾ ಪಡೆಗಳಿಗೆ, ಅಂದರೆ ಸೆರೆಯಾಗಿ ತಂದ ಹುಡುಗರಿಗೆ ಶಸ್ತ್ರ ಕಲಿಸಿ ಕಟ್ಟಿದ ದಂಡುಗಳಿಗೆ, ಸೇರಿಸಿದರು ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಮರುವರ್ಷವೇ ಹೈದರ್ ಇಂಗ್ಲಿಷರ ಮೇಲೆ ದಂಡೆತ್ತಿ ಹೋದ. ಕಾದಂಬರಿ 1779ಕ್ಕೆ ಮುಗಿದರೆ ಮೈಸೂರಿನ ದಂಡು ಶತ್ರು. 1780ಕ್ಕೆ ಶುರುವಾದರೆ ಅದೇ ದಂಡು ನಮ್ಮದು, ದುರ್ಗದ ಹುಡುಗರ ಪಾಲೂ ಅದರಲ್ಲಿ ಇದೆ. ಯಾವ ಪುಟದಲ್ಲಿ ಕಥೆ ನಿಲ್ಲಿಸಬೇಕೆಂದು ಲೇಖಕ ತೀರ್ಮಾನಿಸಿದಾಗಲೇ ಅವನು ಒಂದು ಕಡೆ ಸೇರಿರುತ್ತಾನೆ.

ನೀವು ಅರ್ಧಕ್ಕೆ ಬಿಟ್ಟ ಪುಸ್ತಕದಲ್ಲಿ ಎದುರು ಪಾಳೆಯದ ಒಬ್ಬನಾದರೂ ಮನೆ ನೆನೆಯುತ್ತಾನೆಯೇ ನೋಡಿ. ಅಂಥವನಿದ್ದರೆ ಲೇಖಕನ ಮಿಕ್ಕ ಅಭಿಮಾನವನ್ನು ನಾನು ಸಹಿಸಿಕೊಳ್ಳುತ್ತೇನೆ.

ಅಂದು ಓಬವ್ವನ ಕಿಂಡಿಯಲ್ಲಿ ತೂರಲು ಹೋದ ಸ್ನೇಹಿತ ನಡುವೆ ಸಿಕ್ಕಿಕೊಂಡ. ಒಳಬದಿಯಲ್ಲಿ ನಿಂತಿದ್ದ ನನಗೆ ಕಂಡದ್ದು ತಲೆ ಮಾತ್ರ. ‘ಕೈಯಲ್ಲಿ ಒನಕೆ ಇಲ್ಲ ತಾನೆ?’ ಎಂದ.