ಶಾರ್ಕ್ ಟ್ಯಾಂಕ್ ಇಂಡಿಯಾ ನೋಡಿ ವ್ಯಾಪಾರ ಕಲಿಯಬಹುದೇ?

ಆರು ವರ್ಷದ ಕಚೇರಿ ಕೆಲಸ ಸಾಕಾಗಿದೆ, ಉದ್ಯಮಿಗಳು ಬಂಡವಾಳ ಹಾಕುವವರ ಮುಂದೆ ನಿಂತು, ಕಂಪನಿಯ ಪಾಲು ಕೊಟ್ಟು ಹಣ ಕೇಳುವ ಟಿವಿ ಕಾರ್ಯಕ್ರಮ ಶಾರ್ಕ್ ಟ್ಯಾಂಕ್ ಇಂಡಿಯಾವನ್ನು ರಾತ್ರಿ ಊಟದ ಹೊತ್ತಿಗೆ ತಪ್ಪಿಸುವುದಿಲ್ಲ, ತಿಂಡಿ ತಿನಿಸಿನ ಸಣ್ಣ ಉದ್ಯಮ ಶುರು ಮಾಡುವ ಆಸೆಯಿದೆ, ಆ ಕಾರ್ಯಕ್ರಮವನ್ನು ನಂಬಿ ನೌಕರಿ ಬಿಡಬಹುದೇ ಎಂದು ಕೇಳಿದ್ದೀರಿ. ಅದರಿಂದ ವ್ಯಾಪಾರದ ಅರ್ಧವನ್ನು ಕಲಿಯಬಹುದು. ಆದರೆ ಅದು ಸುಲಭದ ಅರ್ಧ.

ಹೀಗೆ ಹೇಳಲು ನನಗೇನು ಅಧಿಕಾರ ಎಂದರೆ, ನಾನು ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ 11 ವರ್ಷ ದುಡಿದು, 2017ರಲ್ಲಿ ಕೆಲಸ ಬಿಟ್ಟು ಹುಬ್ಬಳ್ಳಿಗೆ ಮರಳಿದವನು. ಅಂದಿನಿಂದ ಜೋಳದ ಖಡಕ್ ರೊಟ್ಟಿ ಮಾಡಿಸಿ ಮಾರುತ್ತಿದ್ದೇನೆ. ಒಂಬತ್ತು ಮಂದಿ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ. ಜೋಳ ತರುವುದು, ಡಬ್ಬಿ ತುಂಬಿಸುವುದು, ಅಂಗಡಿಗೆ ಹಾಕುವುದು ನನ್ನ ಪಾಲಿನ ಕೆಲಸ.

ಮೊದಲು ಕಾರ್ಯಕ್ರಮದ ಒಳ್ಳೆಯದನ್ನು ಹೇಳಿಬಿಡುತ್ತೇನೆ. 2021ರ ಡಿಸೆಂಬರ್‌ನಲ್ಲಿ ಸೋನಿ ವಾಹಿನಿಯಲ್ಲಿ ಅದು ಶುರುವಾಗುವ ತನಕ ನಮ್ಮ ಟಿವಿಯಲ್ಲಿ ಉದ್ಯಮಿ ಎಂದರೆ ಧಾರಾವಾಹಿಯ ನಾಯಕ. ಕೋಟು ಹಾಕಿಕೊಂಡು ಕಾರಿನಿಂದ ಇಳಿಯುತ್ತಾನೆ, ಫೈಲಿಗೆ ಸಹಿ ಹಾಕುತ್ತಾನೆ, ನೂರು ಕೋಟಿಯ ಟೆಂಡರ್ ಕೈತಪ್ಪಿತೆಂದು ಮೇಜು ಗುದ್ದುತ್ತಾನೆ. ಮುನ್ನೂರು ಕಂತು ಕಳೆದರೂ ಆ ಕಂಪನಿ ತಯಾರಿಸುವುದು ಸೋಪನ್ನೋ ಸಿಮೆಂಟನ್ನೋ ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಅಂಥ ಕಡೆ ಮಹಾರಾಷ್ಟ್ರದ ಮಾಲೆಗಾಂವ್‌ನ ಕಮಲೇಶ್ ಎಂಬ ರೈತ ಯುವಕ ತಾನೇ ಜೋಡಿಸಿದ ಔಷಧ ಸಿಂಪಡಿಸುವ ಗಾಡಿಯನ್ನು ತಳ್ಳಿಕೊಂಡು ಬಂದು ನಿಂತ. ಬಂಡವಾಳ ಹಾಕುವವರಲ್ಲಿ ಒಬ್ಬರಾದ, ಕನ್ನಡಕದ ಕಂಪನಿ ಲೆನ್ಸ್‌ಕಾರ್ಟ್‌ನ ಪೀಯೂಷ್ ಬನ್ಸಲ್ ಅವನಿಗೆ ಶೇ. 40ರ ಪಾಲಿಗೆ 10 ಲಕ್ಷ ರೂಪಾಯಿ, ಜೊತೆಗೆ ಬಡ್ಡಿಯಿಲ್ಲದ 20 ಲಕ್ಷದ ಸಾಲ ಕೊಡುವುದಾಗಿ ಹೇಳಿದರು. ಆ ದಿನ ನಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ತೇವವಾಗಿತ್ತು, ನನ್ನದೂ.

ಲೆಕ್ಕದ ಭಾಷೆಯೂ ಮನೆಮನೆಗೆ ಬಂತು. ಯಾರಾದರೂ 50 ಲಕ್ಷಕ್ಕೆ ಶೇ. 5ರ ಪಾಲು ಕೊಡುತ್ತೇನೆ ಎಂದರೆ, ತನ್ನ ಇಡೀ ಕಂಪನಿಗೆ 10 ಕೋಟಿ ಬೆಲೆ ಕಟ್ಟಿಕೊಂಡಿದ್ದಾನೆ ಎಂದು ಎಂಟನೆಯ ತರಗತಿಯ ನನ್ನ ಮಗ ಬಾಯಲ್ಲೇ ಲೆಕ್ಕ ಹಾಕುತ್ತಾನೆ. ಒಮ್ಮೆ ಊಟಕ್ಕೆ ಕುಳಿತಾಗ "ಅಪ್ಪಾ, ನಿಮ್ಮ ಗ್ರಾಸ್ ಮಾರ್ಜಿನ್ ಎಷ್ಟು?" ಎಂದು ಕೇಳಿದ. ಅಂದರೆ ಮಾರಿದ ಹಣದಲ್ಲಿ ಸರಕು ತಯಾರಿಸಿದ ಖರ್ಚು ಕಳೆದು ಉಳಿಯುವ ಪಾಲು. ತುತ್ತು ಗಂಟಲಲ್ಲೇ ನಿಂತಿತು.

ಹತ್ತು ರೊಟ್ಟಿಯ ನನ್ನ ಒಂದು ಪೊಟ್ಟಣದ ಬೆಲೆ 100 ರೂಪಾಯಿ. ಅಂಗಡಿಯವರ ಪಾಲು 25 ಕಳೆದು ನನಗೆ ಬರುವುದು 75. ಜೋಳ, ಕೂಲಿ, ಗ್ಯಾಸ್, ಡಬ್ಬಿ, ಸಾಗಣೆ, ದಾರಿಯಲ್ಲಿ ಒಡೆಯುವುದು ಎಲ್ಲ ಸೇರಿ 63. ಉಳಿಯುವುದು 12. ತಿಂಗಳಿಗೆ ಆರು ಸಾವಿರ ಪೊಟ್ಟಣ ಹೋದರೆ 72 ಸಾವಿರ. ಪರವಾಗಿಲ್ಲ ಅನ್ನಿಸುತ್ತದೆ ಅಲ್ಲವೇ? ಟಿವಿಯ ಲೆಕ್ಕ ಹೆಚ್ಚುಕಡಿಮೆ ಇಲ್ಲಿಗೆ ಮುಗಿಯುತ್ತದೆ.

ಒಂದು ಮಧ್ಯಾಹ್ನ ಘಟಕದಲ್ಲಿ ಊಟದ ಹೊತ್ತಿಗೆ ಯಾರದೋ ಮೊಬೈಲ್‌ನಲ್ಲಿ ಇದೇ ಕಾರ್ಯಕ್ರಮ ಓಡುತ್ತಿತ್ತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ, ಹಂಚಿನ ಮುಂದೆ ಕುಳಿತೇ ಮೂವತ್ತು ವರ್ಷ ಕಳೆದ ಅಕ್ಕ ಒಬ್ಬರಿದ್ದಾರೆ. ಹಿಂದಿ ಅಷ್ಟಾಗಿ ಬಾರದು. ಪಕ್ಕದವಳು ಬಿಡಿಸಿ ಹೇಳಿದ್ದನ್ನೆಲ್ಲ ಕೇಳಿ, ಕೈಗಂಟಿದ ಹಿಟ್ಟು ಉದುರಿಸುತ್ತಾ, "ಮಾಲು ಹೋಯಿತು, ಬಂಡವಾಳದ ರೊಕ್ಕವನ್ನೂ ಕೊಟ್ಟರು. ಎಲ್ಲ ಸರಿ. ವಸೂಲಿಗೆ ಯಾರು ಹೋಗುತ್ತಾರೆ?" ಎಂದರು.

ನಾನು ಎಷ್ಟೋ ಕಂತು ನೋಡಿದ್ದೇನೆ, ಬಂಡವಾಳ ಹಾಕುವವರು ನೂರು ಪ್ರಶ್ನೆ ಕೇಳುತ್ತಾರೆ. ಈ ಪ್ರಶ್ನೆ ನನ್ನ ಕಿವಿಗೆ ಬಿದ್ದದ್ದು ತೀರಾ ಅಪರೂಪ. ಅವರು ಕೇಳುವುದೇ ಇಲ್ಲವೋ, ಗಂಟೆಗಟ್ಟಲೆಯ ಮಾತನ್ನು ಕೆಲವೇ ನಿಮಿಷಕ್ಕೆ ಇಳಿಸುವಾಗ ರಸವಿಲ್ಲದ ಭಾಗವೆಂದು ಕತ್ತರಿಸುತ್ತಾರೋ. ನಿಜಕ್ಕೂ ಅದರಲ್ಲಿ ರಸವಿಲ್ಲ. ದೊಡ್ಡ ಮಳಿಗೆಗಳಿಂದ ನನಗೆ ಹಣ ಬರಲು ಎರಡು ತಿಂಗಳು ಹಿಡಿಯುತ್ತದೆ. ತಿಂಗಳಿಗೆ ನಾಲ್ಕೂವರೆ ಲಕ್ಷದ ಮಾಲು ಹೋದರೆ ಒಂಬತ್ತು ಲಕ್ಷ ಸದಾ ಪರರ ಕೈಯಲ್ಲಿ. ಇತ್ತ ಹಿಂಗಾರಿ ಜೋಳದ ಸುಗ್ಗಿ ಬರುವುದು ವರ್ಷಕ್ಕೊಮ್ಮೆ, ಫೆಬ್ರುವರಿ–ಮಾರ್ಚ್‌ನಲ್ಲಿ. ಒಳ್ಳೆಯ ಮಾಲದಂಡಿ ಜೋಳ ಬೇಕೆಂದರೆ ಆಗಲೇ ಅಮರಗೋಳದ ಎಪಿಎಂಸಿಗೆ ಹೋಗಿ ಆರು ತಿಂಗಳಿಗಾಗುವಷ್ಟನ್ನು ಹಿಡಿದಿಡಬೇಕು, ಅದೂ ನಗದು ಎಣಿಸಿ. ಕೂಲಿಯಂತೂ ಶನಿವಾರ ಸಂಜೆಗೆ ಆಗಲೇಬೇಕು. ಹಾಗಾಗಿ ಲಾಭ ಪುಸ್ತಕದಲ್ಲಿರುತ್ತದೆ, ಸಾಲ ಬ್ಯಾಂಕಿನಲ್ಲಿರುತ್ತದೆ. 2019ರಲ್ಲಿ ಘಟಕ ಮುಚ್ಚುವ ಹಂತಕ್ಕೆ ಬಂದಾಗ ನನ್ನ ರೊಟ್ಟಿಗೆ ಗಿರಾಕಿ ಇರಲಿಲ್ಲವೆಂದಲ್ಲ. ಬೇಡಿಕೆ ಆ ವರ್ಷ ಎಲ್ಲಕ್ಕಿಂತ ಹೆಚ್ಚಿತ್ತು. ಮಾಲು ಹೆಚ್ಚು ಹೋದಷ್ಟೂ ಉದ್ರಿ ಹೆಚ್ಚಿತು.

ನನ್ನ ಕಥೆಯಲ್ಲಿ ನಾಚಿಕೆಯ ಭಾಗವೂ ಒಂದಿದೆ. ಬೆಂಗಳೂರಿನ ಕಚೇರಿಯಲ್ಲಿ ಆ 11 ವರ್ಷ ನಾನು ಮಾಡಿದ್ದು ಬೇರೇನೂ ಅಲ್ಲ, ಸಣ್ಣ ಪೂರೈಕೆದಾರರ ಬಿಲ್ಲುಗಳನ್ನು ತಡೆದಿಡುವ ಕೆಲಸ. ಪೀಣ್ಯದಿಂದ ರಟ್ಟಿನ ಡಬ್ಬಿ ಒದಗಿಸುತ್ತಿದ್ದ ವಯಸ್ಸಾದವರೊಬ್ಬರು ಪ್ರತಿ ಗುರುವಾರ ಬರುತ್ತಿದ್ದರು. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕುಳಿತಿರುತ್ತಿದ್ದರು. "ಬಿಲ್ ಸಹಿಗೆ ಹೋಗಿದೆ, ಮುಂದಿನ ವಾರ ನೋಡಿ" ಎಂದು ತಲೆಯೆತ್ತದೆ ಹೇಳಿ ಕಳಿಸುತ್ತಿದ್ದೆ. ಎಷ್ಟೋ ಸಲ ಬಿಲ್ ನನ್ನ ಮೇಜಿನ ಡ್ರಾಯರ್‌ನಲ್ಲೇ ಇರುತ್ತಿತ್ತು. ಹಣ ತಡವಾಗಿ ಬಿಟ್ಟಷ್ಟೂ ಮೇಲಿನವರಿಂದ ನನಗೆ ಶಹಬ್ಬಾಸ್‌ಗಿರಿ. ಹುಬ್ಬಳ್ಳಿಗೆ ಬಂದ ಎರಡನೆಯ ವರ್ಷ ಒಂದು ಮಳಿಗೆಯ ಕಚೇರಿಯಲ್ಲಿ ನನ್ನ ವಯಸ್ಸಿನ ಅರ್ಧದಷ್ಟಿದ್ದ ಹುಡುಗ ಅದೇ ವಾಕ್ಯವನ್ನು, ಹಾಗೆಯೇ ತಲೆಯೆತ್ತದೆ ಹೇಳಿದ. ನನ್ನ ತೊಡೆಯ ಮೇಲೂ ಹೆಲ್ಮೆಟ್ ಇತ್ತು.

ಕಾನೂನು ಇಲ್ಲವೇ ಎಂದು ಕೇಳಬಹುದು. ಇದೆ. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಗರಿಷ್ಠ 45 ದಿನಗಳಲ್ಲಿ ಹಣ ಸಲ್ಲಬೇಕು, ತಪ್ಪಿದರೆ ಚಕ್ರಬಡ್ಡಿ. ಆದರೆ ದೂರು ಕೊಟ್ಟವನ ರೊಟ್ಟಿ ಮರುದಿನ ಕಪಾಟಿನಿಂದ ಇಳಿಯುತ್ತದೆಂದು ಎಲ್ಲರಿಗೂ ಗೊತ್ತು. ಹೆಚ್ಚು ಕೆಲಸ ಮಾಡಿದ್ದು 2024ರ ಏಪ್ರಿಲ್ 1ರಿಂದ ಜಾರಿಯಾದ ಆದಾಯ ತೆರಿಗೆಯ ನಿಯಮ: ಗಡುವಿನೊಳಗೆ ಕೊಡದ ಹಣವನ್ನು, ಅದನ್ನು ನಿಜವಾಗಿ ಪಾವತಿಸುವ ತನಕ, ಕೊಂಡವರು ಖರ್ಚೆಂದು ತೋರಿಸುವಂತಿಲ್ಲ. ತಮ್ಮ ತೆರಿಗೆಗೆ ಬಿಸಿ ತಟ್ಟುತ್ತದೆ ಎಂದಾಗ ವರ್ಷಗಳಿಂದ ಸಹಿಗೆ ಹೋಗಿದ್ದ ಬಿಲ್ಲುಗಳು ವಾರದಲ್ಲಿ ಮರಳಿ ಬಂದವು. ಇದರ ಪ್ರಯೋಜನ ಬೇಕಿದ್ದರೆ ಉದ್ಯಮ್ ಎಂಬ, ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ಮಾಡಿಸಿ, ಅದರ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಿ. ನೋಂದಣಿಗೆ ಶುಲ್ಕವಿಲ್ಲ, ಹಣ ಕೇಳುವ ದಲ್ಲಾಳಿಗಳನ್ನು ನಂಬಬೇಡಿ.

ಬಂಡವಾಳದ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಲಿಜ್ಜತ್ ಹಪ್ಪಳ 1959ರಲ್ಲಿ ಮುಂಬೈಯ ಗಿರಗಾಂವ್‌ನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ಮಾಡಿ ಶುರು ಮಾಡಿದ್ದು. ಸಣ್ಣ ಆಹಾರ ಘಟಕಗಳಿಗೆ ಪಿಎಂಎಫ್‌ಎಂಇ ಎಂಬ ಕೇಂದ್ರದ ಯೋಜನೆಯಲ್ಲಿ ಶೇ. 35ರ ಸಹಾಯಧನ ಕೊಟ್ಟಿದ್ದಾರೆ, ಕರ್ನಾಟಕ ತನ್ನದೂ ಶೇ. 15 ಸೇರಿಸಿದೆ. ಯಂತ್ರಕ್ಕೆ ಹಣ ಹೇಗೋ ಹುಟ್ಟುತ್ತದೆ. ಟಿವಿಯಲ್ಲಿ ಕೈಕುಲುಕಿದ ಒಪ್ಪಂದಗಳಿಗೂ ಆಮೇಲೆ ಲೆಕ್ಕಪತ್ರದ ಪರಿಶೀಲನೆ ಇರುತ್ತದೆ, ಅಲ್ಲಿ ಮುರಿದುಬಿದ್ದವೂ ಇವೆ.

ಈಗಲೇ ರಾಜೀನಾಮೆ ಕೊಡಬೇಡಿ. ಮಾಡುವ ತಿನಿಸನ್ನು ನೂರು ಪೊಟ್ಟಣ ಮಾಡಿ, ಗುರುತಿಲ್ಲದ ಹತ್ತು ಅಂಗಡಿಗೆ ಉದ್ರಿ ಹಾಕಿ. ತಿಂಗಳು ಬಿಟ್ಟು ವಸೂಲಿಗೆ ನೀವೇ ಹೋಗಿ, ತಮ್ಮನನ್ನು ಕಳಿಸಬೇಡಿ. ನಾನು ಮೊದಲ ಸಲ ಹೋದಾಗ ನಾಲ್ವರು ಕೊಟ್ಟರು, ಮೂವರು ಮುಂದಿನ ವಾರ ಎಂದರು, ಇಬ್ಬರು ಒಡೆದ ರೊಟ್ಟಿಯ ಚೂರುಗಳನ್ನು ಮುಂದಿಟ್ಟರು. ಹತ್ತನೆಯವರು ಬಹಳ ಮರ್ಯಾದಸ್ಥರು. ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ಮನೆ ಮಕ್ಕಳ ಕ್ಷೇಮ ವಿಚಾರಿಸಿದರು, ಹಣದ ಮಾತೆತ್ತಿದಾಗ ಮಾತ್ರ ಫೋನ್ ಬಂತು. ಅವರ ಗಲ್ಲಾಪೆಟ್ಟಿಗೆಯ ಮೇಲೆ, ಲಕ್ಷ್ಮಿಯ ಪಟದ ಕೆಳಗೆ, ದಪ್ಪ ಕೆಂಪು ಅಕ್ಷರದಲ್ಲಿ ಬರೆದಿತ್ತು: "ಇಂದು ನಗದು, ನಾಳೆ ಉದ್ರಿ". ಚಹಾ ಮಾತ್ರ ಚೆನ್ನಾಗಿತ್ತು.